ಹುಲ್ಲಿಗೆ ಲೆಕ್ಕವಿಲ್ಲದ ಕಾಲ: ಅಮೆರಿಕದ ಬಯಲುಸೀಮೆಯ ದನದ ಉದ್ಯಮ, ೧೮೬೫–೧೮೮೭

ಅಮೆರಿಕದ ಪಶ್ಚಿಮ ಬಯಲುಸೀಮೆಯೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಚಲಚ್ಚಿತ್ರಗಳಲ್ಲಿ ಕಂಡ ಕುದುರೆ ಸವಾರ, ಅವನ ಹಗ್ಗ, ಅವನ ಪಿಸ್ತೂಲು. ಆ ಚಿತ್ರದ ಹಿಂದೆ ಒಂದು ದೊಡ್ಡ ವ್ಯಾಪಾರದ ಚರಿತ್ರೆಯಿದೆ. ಅದರಲ್ಲಿ ಪಿಸ್ತೂಲಿಗಿಂತ ಲೆಕ್ಕದ ಪುಸ್ತಕದ ಪಾತ್ರವೇ ಹಿರಿದು. ೧೮೬೫ರಲ್ಲಿ ಅಂತರ್ಯುದ್ಧ ಮುಗಿದ ಮೇಲೆ ಮೊದಲಾದ ಈ ಉದ್ಯಮವು ಇಪ್ಪತ್ತು ವರ್ಷಗಳೊಳಗೆ ಟೆಕ್ಸಸಿನಿಂದ ಕೆನಡದ ಗಡಿಯವರೆಗೆ ಹಬ್ಬಿತು. ೧೮೮೬–೮೭ರ ಒಂದೇ ಚಳಿಗಾಲದಲ್ಲಿ ಕುಸಿದುಬಿದ್ದಿತು. ಈ ಕುಸಿತಕ್ಕೆ ಹಿಮಗಾಳಿಯೇ ಕಾರಣವೆಂದು ಹೇಳುವುದು ವಾಡಿಕೆ. ದನಗಳನ್ನು ಕೊಂದದ್ದು ಹಿಮಗಾಳಿಯೆಂಬುದರಲ್ಲಿ ಸಂದೇಹವಿಲ್ಲ. ಆದರೆ ಉದ್ಯಮದ ಬೇರು ಅದಕ್ಕೆ ಮೊದಲೇ ಒಣಗಿತ್ತೆಂಬುದು ಈ ಲೇಖಕನ ಅಭಿಪ್ರಾಯ. ಮೇವಿನ ಅಪಾಯ ಬೇರೆ, ಮಾರುಕಟ್ಟೆಯ ಅಪಾಯ ಬೇರೆ ಎಂದು ಆ ಕಾಲದ ಬಂಡವಾಳಗಾರರು ಭಾವಿಸಿದ್ದರು. ಮೇವು ಕೂಡಿಟ್ಟವನು ಬೆಲೆ ಬರುವವರೆಗೆ ಕಾಯಬಲ್ಲನು. ಮೇವಿಲ್ಲದವನು ಎಲ್ಲರೂ ಮಾರುವ ದಿನವೇ ತಾನೂ ಮಾರಬೇಕು. ಹೀಗಿರುವುದರಿಂದ ಆ ಎರಡು ಅಪಾಯಗಳೂ ವಾಸ್ತವವಾಗಿ ಒಂದೇ.

ಹಸುವನ್ನು ಮಾಂಸದ ಸರಕೆಂದು ಎಣಿಸುವ ಈ ಕಥೆ ನಮ್ಮ ವಾಚಕರಲ್ಲಿ ಕೆಲವರಿಗೆ ರುಚಿಸದಿರಬಹುದು. ಇಲ್ಲಿ ಆ ಪದ್ಧತಿಯ ಸಮರ್ಥನೆಯಾಗಲಿ ಖಂಡನೆಯಾಗಲಿ ಉದ್ದೇಶವಲ್ಲ. ಪಶುವನ್ನು ಯಾವ ಕಾರಣಕ್ಕೆ ಸಾಕಿದರೂ ಅದು ಹುಲ್ಲು ತಿನ್ನುತ್ತದೆ. ನಮ್ಮ ವಿಚಾರ ಆ ಹುಲ್ಲಿನದು.

ಯುದ್ಧ ಮುಗಿಯುವ ವೇಳೆಗೆ ಟೆಕ್ಸಸಿನಲ್ಲಿ ನೀಳಕೊಂಬಿನ ದನಗಳು ಲಕ್ಷಗಟ್ಟಲೆ, ಒಂದು ಅಂದಾಜಿನಂತೆ ಐವತ್ತು ಲಕ್ಷದಷ್ಟು, ಅರೆಕಾಡು ಸ್ಥಿತಿಯಲ್ಲಿ ಅಲೆಯುತ್ತಿದ್ದುವು. ಅಲ್ಲಿ ಒಂದು ದನದ ಬೆಲೆ ಮೂರು ನಾಲ್ಕು ಡಾಲರು. ಉತ್ತರದ ನಗರಗಳಲ್ಲಿ ಅದೇ ದನಕ್ಕೆ ಮೂವತ್ತು ನಲವತ್ತು ಡಾಲರು. ಈ ಅಂತರವೇ ಉದ್ಯಮದ ಮೂಲ. ಷಿಕಾಗೊ ನಗರದ ಯೂನಿಯನ್ ದನದ ದೊಡ್ಡಿಗಳು ೧೮೬೫ರ ಡಿಸೆಂಬರಿನಲ್ಲಿ ತೆರೆದುವು. ೧೮೬೭ರಲ್ಲಿ ಜೋಸೆಫ್ ಮೆಕಾಯ್ ಎಂಬ ವರ್ತಕನು ಕ್ಯಾನ್ಸಾಸಿನ ಆಬಿಲೀನ್ ಎಂಬ ಕುಗ್ರಾಮದಲ್ಲಿ ರೈಲುಮಾರ್ಗದ ಪಕ್ಕಕ್ಕೆ ದೊಡ್ಡಿಗಳನ್ನು ಕಟ್ಟಿಸಿದನು. ಆ ವರ್ಷ ಸುಮಾರು ೩೫,೦೦೦ ದನಗಳು ಟೆಕ್ಸಸಿನಿಂದ ನಡೆದು ಅಲ್ಲಿಗೆ ಬಂದುವು. ೧೮೭೧ರಲ್ಲಿ ಹಾಗೆ ಉತ್ತರಕ್ಕೆ ನಡೆದುಬಂದ ದನಗಳ ಸಂಖ್ಯೆ ಆರು ಲಕ್ಷವನ್ನು ಮುಟ್ಟಿತು. ದಾರಿಯ ಸಾಹಸಗಳನ್ನು ಚಲಚ್ಚಿತ್ರಗಳು ಸಾಕಷ್ಟು ಹೇಳಿವೆ. ಅವನ್ನು ಇಲ್ಲಿ ಬಿಡೋಣ.

ಆ ೧೮೭೧ನೆಯ ವರ್ಷದ ಬಗೆಗೆ ಮಾತ್ರ ಒಂದು ಮಾತು ಹೇಳಲೇಬೇಕು. ದನ ಹೆಚ್ಚಾಗಿ ಬಂದುದರಿಂದ ಅಂದು ಬೆಲೆ ಇಳಿಯಿತು. ಮಾರಾಟವಾಗದ ಮಂದೆಗಳನ್ನು ಒಡೆಯರು ಕ್ಯಾನ್ಸಾಸಿನ ಹುಲ್ಲಿನ ಮೇಲೆಯೇ ಚಳಿಗಾಲ ಕಳೆಯಲು ಬಿಟ್ಟರು. ವಸಂತದಲ್ಲಿ ಬೆಲೆ ಏರೀತೆಂಬ ನಿರೀಕ್ಷೆ. ಅಷ್ಟರಲ್ಲಿ ಮಂಜುಗಡ್ಡೆಯ ಮಳೆ ಬಂದು ಹುಲ್ಲಿನ ಮೇಲೆ ಗಾಜಿನಂತಹ ಪದರವನ್ನು ಕಟ್ಟಿತು. ಅಪಾರ ಸಂಖ್ಯೆಯ ದನಗಳು ಹಸಿವಿನಿಂದ ಸತ್ತುವು. ಬೆಲೆಗಾಗಿ ಕಾಯುವವನ ಕೈಯಲ್ಲಿ ಬಣವೆಯಿರಬೇಕೆಂಬ ಪಾಠ ಹದಿನೈದು ವರ್ಷ ಮುಂಚೆಯೇ ದೊರೆತಿತ್ತು. ಅದನ್ನು ಕಲಿತವರು ವಿರಳ.

ಆ ಬಯಲಿನ ಹುಲ್ಲಿನ ಗುಣವನ್ನು ಇಲ್ಲಿ ತುಸು ವಿವರಿಸಬೇಕು. ಏಕೆಂದರೆ ಜನರನ್ನು ಮೋಸಗೊಳಿಸಿದ್ದು ಆ ಗುಣವೇ. ಬಫೆಲೊ ಹುಲ್ಲು, ಗ್ರಾಮಾ ಹುಲ್ಲು ಎಂಬ ಗಿಡ್ಡ ಜಾತಿಯ ಹುಲ್ಲುಗಳು ಬೇಸಗೆಯ ಕೊನೆಗೆ ನಿಂತಲ್ಲಿಯೇ ಒಣಗುತ್ತವೆ. ಒಣಗಿದರೂ ಅವುಗಳ ಸತ್ತ್ವ ಬಹುಮಟ್ಟಿಗೆ ಉಳಿಯುತ್ತದೆ. ಕೊಯ್ಯದೆ, ಒಟ್ಟದೆ, ಪ್ರಕೃತಿಯೇ ಒಣಹುಲ್ಲನ್ನು ಸಿದ್ಧಪಡಿಸಿಟ್ಟಂತೆ. ಇದನ್ನು ತಿಂದೇ ಕೋಟ್ಯಂತರ ಬೈಸನ್ ಎಂಬ ಕಾಡುದನಗಳು ಸಾವಿರಾರು ವರ್ಷ ಬದುಕಿದ್ದುವು. ಆದರೆ ಬೈಸನ್ ತನ್ನ ಭಾರವಾದ ತಲೆಯನ್ನು ಅತ್ತಿತ್ತ ಬೀಸಿ ಹಿಮವನ್ನು ಸರಿಸಿ ಮೇಯಬಲ್ಲುದು; ಕುದುರೆ ಗೊರಸಿನಿಂದ ಕೆದಕಬಲ್ಲುದು. ದನಕ್ಕೆ ಈ ಎರಡು ವಿದ್ಯೆಗಳೂ ಸರಿಯಾಗಿ ಬಾರವು. ಮೇಲಾಗಿ ಅದು ಮಳೆ ಕಡಮೆಯ ಸೀಮೆ. ಒಂದು ದನಕ್ಕೆ ವರ್ಷಪೂರ್ತಿ ಮೇವು ಒದಗಲು ಹದಿನೈದು, ಇಪ್ಪತ್ತು, ಕೆಲವೆಡೆ ಮೂವತ್ತಕ್ಕೂ ಮಿಕ್ಕ ಎಕರೆ ಬೇಕು. ಒಮ್ಮೆ ಬುಡದವರೆಗೆ ಮೇಯಿಸಿದ ನೆಲ ಮತ್ತೆ ಚಿಗುರಲು ವರ್ಷಗಳು ಹಿಡಿಯುತ್ತವೆ.

ಈ ಹುಲ್ಲನ್ನು ಆಗಿನವರು ಪುಕ್ಕಟೆಯೆಂದರು. ಅದು ಪುಕ್ಕಟೆಯಾದದ್ದು ಹೇಗೆ? ಲಕೋಟ, ಷೈಯೆನ್, ಕ್ರೋ ಮೊದಲಾದ ಜನಾಂಗಗಳನ್ನು ಅವರ ನೆಲದಿಂದ ಒತ್ತರಿಸಿ, ಅವರ ಜೀವನಾಧಾರವಾದ ಬೈಸನ್ ಮಂದೆಗಳನ್ನು ೧೮೮೩ರ ವೇಳೆಗೆ ನಿರ್ಮೂಲ ಮಾಡಿ ಪಡೆದ ಹುಲ್ಲು ಅದು. ಬೆಲೆ ತೆತ್ತವರು ಬೇರೆಯವರಾದುದರಿಂದ ಅದು ಜಮಾಖರ್ಚಿನಲ್ಲಿ ಕಾಣಿಸಲಿಲ್ಲ, ಅಷ್ಟೆ.

ಇನ್ನು ಬಂಡವಾಳದ ಕಡೆಗೆ ಬರೋಣ. ೧೮೭೯–೮೦ರಲ್ಲಿ ಬ್ರಿಟನ್ನಿನ ಕೃಷಿ ಆಯೋಗದ ಪರವಾಗಿ ಕ್ಲೇರ್ ರೀಡ್ ಮತ್ತು ಆಲ್ಬರ್ಟ್ ಪೆಲ್ ಎಂಬ ಇಬ್ಬರು ಅಮೆರಿಕಕ್ಕೆ ಹೋಗಿಬಂದು, ಅಲ್ಲಿ ದನದ ಉದ್ಯಮದಲ್ಲಿ ಶೇಕಡ ೩೩ರಷ್ಟು ಲಾಭವುಂಟೆಂದು ವರದಿ ಮಾಡಿದರು. ೧೮೮೧ರಲ್ಲಿ ಜೇಮ್ಸ್ ಬ್ರಿಸ್ಬಿನ್ ಎಂಬ ಸೇನಾಧಿಕಾರಿ ಬಯಲಿನಲ್ಲಿ ಧನಿಕನಾಗುವ ಬಗೆಯನ್ನು ಹೇಳುವ ಪುಸ್ತಕವನ್ನೇ ಪ್ರಕಟಿಸಿದನು. ಎಡಿನ್‌ಬರೊ ನಗರದಲ್ಲಿ ಪ್ರೇರಿ ಕ್ಯಾಟಲ್ ಕಂಪೆನಿ ಹುಟ್ಟಿತು. ಅದು ೧೮೮೩ರಲ್ಲಿ ಶೇಕಡ ಇಪ್ಪತ್ತಕ್ಕೂ ಮೇಲ್ಪಟ್ಟ ಲಾಭಾಂಶವನ್ನು ಹಂಚಿತು. ೧೮೮೨ರಲ್ಲಿ ಡಂಡಿಯಲ್ಲಿ ಮೆಟಡೋರ್ ಕಂಪೆನಿ, ೧೮೮೩ರಲ್ಲಿ ಎಡಿನ್‌ಬರೊದಲ್ಲಿ ಸ್ವಾನ್ ಕಂಪೆನಿ ಸ್ಥಾಪಿತವಾದುವು. ಡಂಡಿಯ ಹೆಸರು ಭಾರತೀಯರಿಗೆ ಹೊಸತಲ್ಲ. ಬಂಗಾಳದ ಸೆಣಬನ್ನು ನೂತು ನೆಯ್ದು ಬೆಳೆದ ಊರು ಅದು. ಅಲ್ಲಿಯ ಗಿರಣಿಗಳಲ್ಲಿ ದುಡಿದವರಲ್ಲಿ ಹೆಚ್ಚಿನವರು ಅಲ್ಪ ವೇತನದ ಹೆಂಗಸರು. ಸೆಣಬಿನ ವ್ಯಾಪಾರದಲ್ಲಿ ಕೂಡಿದ ಹಣ ಟೆಕ್ಸಸಿನ ಹುಲ್ಲಿನ ಮೇಲೆ ಹೂಡಿಕೆಯಾಯಿತು. ಬಂಗಾಳದ ರೈತನಿಗೂ ಮೆಟಡೋರಿನ ಹೋರಿಗೂ ಇದ್ದ ಈ ಸಂಬಂಧವನ್ನು ಆ ರೈತನು ಕನಸಿನಲ್ಲಿಯೂ ಊಹಿಸಿರಲಾರನು.

ಈ ಕಂಪೆನಿಗಳು ಕೊಂಡದ್ದೇನು? ಬಹುತೇಕ ಕಡೆ ನೆಲವನ್ನಲ್ಲ. ಆ ಬಯಲು ಸರ್ಕಾರದ್ದಾಗಿತ್ತು. ಕೊಂಡದ್ದು ದನಗಳನ್ನು ಮತ್ತು ಮೇಯಿಸುವ ರೂಢಿಯ ಹಕ್ಕನ್ನು. ನೂರಾರು ಮೈಲಿಗಳಲ್ಲಿ ಚದುರಿದ ದನಗಳನ್ನು ಎಣಿಸುವುದು ಶ್ರಮದ ಕೆಲಸ. ಆದುದರಿಂದ ಮಾರುವವನ ಪುಸ್ತಕದಲ್ಲಿದ್ದ ಸಂಖ್ಯೆಯನ್ನೇ ನಂಬಿ ಹಣ ಕೊಡುವ ಪದ್ಧತಿ ಬೆಳೆಯಿತು. ಇದಕ್ಕೆ ಪುಸ್ತಕದ ಎಣಿಕೆಯೆಂದು ಹೆಸರು. ಪುಸ್ತಕದಲ್ಲಿ ನೂರು ಹಸುಗಳಿಗೆ ವರ್ಷಕ್ಕೆ ಎಪ್ಪತ್ತು ಎಂಬತ್ತು ಕರುಗಳು ತಪ್ಪದೆ ಹುಟ್ಟುತ್ತಿದ್ದುವು. ಸಾಯುವುದು ನೂರಕ್ಕೆ ಎರಡೋ ಮೂರೋ. ತೋಳ, ಕಳ್ಳ, ಪ್ರವಾಹ, ಬರ ಇವು ಪುಸ್ತಕವನ್ನು ಪ್ರವೇಶಿಸಲಿಲ್ಲ. ಈ ಬಗೆಯ ತಪ್ಪು ಎಷ್ಟು ಬೇಗ ಬೆಳೆಯುತ್ತದೆಂಬುದನ್ನು ವಾಚಕರೇ ಲೆಕ್ಕಹಾಕಿ ನೋಡಬಹುದು. ಹುಟ್ಟನ್ನು ಬದಿಗಿಟ್ಟು ಸಾವನ್ನು ಮಾತ್ರ ಹಿಡಿಯೋಣ. ಹತ್ತು ಸಾವಿರ ದನಗಳ ಮಂದೆಯಲ್ಲಿ ವರ್ಷಕ್ಕೆ ನೂರಕ್ಕೆ ಮೂರು ಸತ್ತರೆ ಐದು ವರ್ಷದ ಕೊನೆಗೆ ೮,೫೮೭ ಉಳಿಯುತ್ತವೆ. ನೂರಕ್ಕೆ ಹತ್ತು ಸತ್ತರೆ ಉಳಿಯುವುದು ೫,೯೦೫. ನಡುವಣ ಎರಡೂವರೆ ಸಾವಿರಕ್ಕೂ ಮಿಕ್ಕ ದನಗಳು ಕಾಗದದ ಮೇಲೆ ಮಾತ್ರ ಮೇಯುತ್ತಿರುತ್ತವೆ. ಅವುಗಳ ಮೇಲೆ ಸಾಲ ತೆಗೆಯಲಾಗುತ್ತಿತ್ತು, ಲಾಭಾಂಶವನ್ನೂ ಸಾರಲಾಗುತ್ತಿತ್ತು.

ಅದಕ್ಕಿಂತಲೂ ದೊಡ್ಡ ದೋಷ ಬೇರೊಂದುಂಟು. ತಪ್ಪಾಗಿಯಾದರೂ ದನಕ್ಕೆ ಒಂದು ಸಂಖ್ಯೆಯಿತ್ತು. ಹುಲ್ಲಿಗೆ ಅದೂ ಇರಲಿಲ್ಲ. ಈ ಬಯಲು ಎಷ್ಟು ದನಗಳನ್ನು ತಾಳೀತೆಂಬ ಪ್ರಶ್ನೆಯನ್ನು ಕಂಪೆನಿಯ ವಾರ್ಷಿಕ ಸಭೆಯಲ್ಲಿ ಕೇಳುವವರಿರಲಿಲ್ಲ. ಇದನ್ನು ದುರಾಶೆಯೊಂದರ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ನೆಲ ಯಾರದೂ ಅಲ್ಲದಿರುವಾಗ, ಒಬ್ಬನು ಚಳಿಗಾಲಕ್ಕೆಂದು ಉಳಿಸಿದ ಹುಲ್ಲನ್ನು ನೆರೆಯವನ ದನ ಬಂದು ಮೇಯುತ್ತದೆ. ಬೇಲಿ ಹಾಕೋಣವೆಂದರೆ, ಗ್ಲಿಡನ್ ಎಂಬಾತನು ೧೮೭೪ರಲ್ಲಿ ಮುಳ್ಳುತಂತಿಗೆ ಹಕ್ಕುಪತ್ರ ಪಡೆದಿದ್ದರೂ, ಸರ್ಕಾರದ ಭೂಮಿಗೆ ಬೇಲಿ ಕಟ್ಟುವುದನ್ನು ೧೮೮೫ರ ಕಾಯ್ದೆ ನಿಷೇಧಿಸಿತು. ಕ್ರಮವಾಗಿ ನೆಲ ಪಡೆಯೋಣವೆಂದರೆ ವಸತಿ ಕಾಯ್ದೆ ಒಂದು ಕುಟುಂಬಕ್ಕೆ ಕೊಡುತ್ತಿದ್ದುದು ೧೬೦ ಎಕರೆ. ಅಷ್ಟು ನೆಲದ ಹುಲ್ಲು ಹತ್ತು ದನಗಳಿಗೂ ಸಾಲದು. ಮಳೆ ಬೀಳುವ ಪೂರ್ವಸೀಮೆಗೆಂದು ಮಾಡಿದ ಅಳತೆಯನ್ನು ಒಣಸೀಮೆಗೂ ಹಚ್ಚಿದ ಫಲ ಇದು.

ಮಾರುಕಟ್ಟೆ ೧೮೮೨ರಲ್ಲಿ ಶಿಖರವನ್ನು ಮುಟ್ಟಿ ಇಳಿಯತೊಡಗಿತು. ಇಳಿದ ಬೆಲೆಗೆ ಮಾರಲು ಮನಸ್ಸಿಲ್ಲದ ಕಂಪೆನಿಗಳು ಹೋರಿಗಳನ್ನು ಬಯಲಿನಲ್ಲಿಯೇ ಉಳಿಸಿಕೊಂಡುವು; ಹೀಗೆ ಬೆಲೆಯಿಳಿತದಿಂದ ಹುಲ್ಲಿನ ಮೇಲಣ ಭಾರ ಹೆಚ್ಚಿತು. ೧೮೮೫ರಲ್ಲಿ ಕ್ಯಾನ್ಸಾಸ್ ರಾಜ್ಯವು ಟೆಕ್ಸಸ್ ಜ್ವರದ ಭಯದಿಂದ ದಕ್ಷಿಣದ ದನಗಳಿಗೆ ದಾರಿ ಮುಚ್ಚಿತು. ಅದೇ ವರ್ಷದ ಜುಲೈಯಲ್ಲಿ ಅಧ್ಯಕ್ಷ ಕ್ಲೀವ್‌ಲೆಂಡನು, ಷೈಯೆನ್ ಮತ್ತು ಅರಾಪಹೊ ಜನರ ಮೀಸಲು ನೆಲದಲ್ಲಿ ಮೇಯುತ್ತಿದ್ದ ಸುಮಾರು ಎರಡು ಲಕ್ಷ ದನಗಳನ್ನು ನಲವತ್ತು ದಿನಗಳಲ್ಲಿ ಹೊರಗೆ ಹಾಕಬೇಕೆಂದು ಆಜ್ಞಾಪಿಸಿದನು. ಆ ದನಗಳು ಮೊದಲೇ ಸೊರಗಿದ ಸುತ್ತಣ ಬಯಲುಗಳಿಗೆ ನುಗ್ಗಿದುವು. ೧೮೮೬ರ ಜನವರಿಯಲ್ಲಿ ದಕ್ಷಿಣದ ಬಯಲಿನ ಮೇಲೆ ಹಿಮಗಾಳಿ ಬೀಸಿತು. ಗಾಳಿಗೆ ಬೆನ್ನುಕೊಟ್ಟು ದಕ್ಷಿಣಕ್ಕೆ ಸರಿಯುವುದು ದನದ ಸ್ವಭಾವ. ಟೆಕ್ಸಸಿನ ಉತ್ತರ ಭಾಗದಲ್ಲಿ, ಉತ್ತರದ ದನಗಳು ತಮ್ಮ ಹುಲ್ಲಿಗೆ ಬಾರದಿರಲೆಂದು ಒಡೆಯರು ಸುಮಾರು ಇನ್ನೂರು ಮೈಲಿ ಉದ್ದದ ತಂತಿಬೇಲಿಯನ್ನು ಕಟ್ಟಿದ್ದರು. ಸರಿದುಬಂದ ಮಂದೆಗಳು ಆ ಬೇಲಿಗೆ ಒತ್ತಿ ನಿಂತು ಅಲ್ಲಿಯೇ ಹೆಪ್ಪುಗಟ್ಟಿ ಸತ್ತುವು. ಹುಲ್ಲನ್ನು ಕಾಯಲು ಕಟ್ಟಿದ ಬೇಲಿಯ ಬುಡದಲ್ಲಿ ವಸಂತ ಕಾಲದವರೆಗೂ ಹೆಣಗಳ ಸಾಲು ಬಿದ್ದಿತ್ತು.

ಉತ್ತರದವರು ಇದನ್ನು ಕೇಳಿಯೂ ಎಚ್ಚರಗೊಳ್ಳಲಿಲ್ಲ. ೧೮೮೬ರ ಬೇಸಗೆ ಮಾಂಟಾನ, ವಯೋಮಿಂಗ್, ಡಕೋಟಗಳಲ್ಲಿ ಬರಗಾಲವಾಗಿ ಬಂದಿತು. ಹುಲ್ಲು ಬೆಳೆಯಲಿಲ್ಲ, ತೊರೆಗಳು ಬತ್ತಿದುವು. ಕೊಬ್ಬದ ದನಗಳಿಗೆ ಷಿಕಾಗೊದಲ್ಲಿ ಬೆಲೆಯಿಲ್ಲವೆಂದು ಅನೇಕರು ಮಾರದೆ ಉಳಿಸಿಕೊಂಡರು. ನವೆಂಬರಿನಲ್ಲಿಯೇ ಹಿಮ ಬಿದ್ದಿತು. ನಡುವೆ ಬೆಚ್ಚನೆಯ ಗಾಳಿ ಬೀಸಿ ಹಿಮ ಅರೆಕರಗಿ ಮತ್ತೆ ಗಟ್ಟಿಯಾಯಿತು. ೧೮೭೧ರ ಗಾಜಿನ ಪದರವೇ ಪುನಃ ಹುಲ್ಲಿಗೆ ಮುಚ್ಚಳವಾಯಿತು. ೧೮೮೭ರ ಜನವರಿಯ ಬಿರುಗಾಳಿಗಳಲ್ಲಿ ಉಷ್ಣಮಾನ ಶೂನ್ಯಕ್ಕಿಂತ ನಲವತ್ತು ಡಿಗ್ರಿಗೂ ಕೆಳಕ್ಕೆ ಇಳಿಯಿತು. (ಆ ಬಿಂದುವಿನಲ್ಲಿ ಫ್ಯಾರನ್‌ಹೀಟ್, ಸೆಂಟಿಗ್ರೇಡ್ ಎರಡು ಮಾನಗಳೂ ಒಂದೇ ಆಗುವುದರಿಂದ ಯಾವುದೆಂದು ಹೇಳಬೇಕಾಗಿಲ್ಲ.) ಹಸಿದ ದನಗಳು ಊರುಗಳೊಳಕ್ಕೆ ಬಂದು ಮನೆಗೋಡೆಗಳಿಗೆ ಮೈಯೊರಗಿಸಿ ನಿಂತುವು. ಮಾಂಟಾನದ ಜೂಡಿತ್ ಕಣಿವೆಯಲ್ಲಿ ಒಂದು ಮಂದೆಯನ್ನು ಕಾಯುತ್ತಿದ್ದ ಚಾರ್ಲ್ಸ್ ರಸೆಲ್ ಎಂಬ ತರುಣನು, ದನಗಳ ಕ್ಷೇಮವನ್ನು ವಿಚಾರಿಸಿದ ಒಡೆಯನಿಗೆ ಉತ್ತರವಾಗಿ ಒಂದು ಪುಟ್ಟ ಚಿತ್ರವನ್ನು ಬರೆದು ಕಳುಹಿಸಿದನು. ಹಿಮದ ನಡುವೆ ಎಲುಬು ಹೊರಟ ಒಂದು ಹಸು; ಹಿಂದೆ ಕಾದು ನಿಂತ ತೋಳಗಳು. ಮುಂದೆ ರಸೆಲ್ ಪ್ರಖ್ಯಾತ ಚಿತ್ರಕಾರನಾದನು. ಡಕೋಟದಲ್ಲಿ ಹಣ ಹೂಡಿದ್ದ ಥಿಯೊಡೋರ್ ರೂಸ್‌ವೆಲ್ಟನು ತನ್ನ ಮಂದೆಯ ಅರ್ಧಕ್ಕೂ ಮಿಕ್ಕ ಭಾಗವನ್ನು ಕಳೆದುಕೊಂಡನು.

ಒಟ್ಟು ಎಷ್ಟು ದನಗಳು ಸತ್ತುವು? ಮಾಂಟಾನದಲ್ಲಿ ನೂರಕ್ಕೆ ಅರವತ್ತೆಂದು ಹೇಳುವುದುಂಟು. ತೆರಿಗೆಯ ದಾಖಲೆಗಳನ್ನು ನೋಡಿದರೆ ವಯೋಮಿಂಗಿನ ನಷ್ಟ ಅದಕ್ಕಿಂತ ಬಹಳ ಕಡಮೆ. ಈ ವೈಷಮ್ಯಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ಬಯಲಿನಲ್ಲಿ ಎಂದೂ ಇಲ್ಲದಿದ್ದ, ಪುಸ್ತಕದಲ್ಲಿ ಮಾತ್ರ ಇದ್ದ ದನಗಳನ್ನು ಲೆಕ್ಕದಿಂದ ತೆಗೆದುಹಾಕಲು ಇದಕ್ಕಿಂತ ಒಳ್ಳೆಯ ಸಂದರ್ಭ ಎಲ್ಲಿ ದೊರೆತೀತು? ವರ್ಷಗಳ ಸುಳ್ಳು ಎಣಿಕೆಯನ್ನೆಲ್ಲ ಹಿಮದ ಖಾತೆಗೆ ಬರೆದರು. ಷೈಯೆನ್ ಪಟ್ಟಣದ ಒಬ್ಬ ಮದ್ಯದಂಗಡಿಯವನು, ಹವೆ ಹೇಗಾದರೂ ಆಗಲಿ ಪುಸ್ತಕಗಳಂತೂ ಹೆಪ್ಪುಗಟ್ಟಲಾರವೆಂದು ಒಡೆಯರನ್ನು ಸಮಾಧಾನಪಡಿಸುತ್ತಿದ್ದನಂತೆ. ಅವನ ಮಾತು ಹುಸಿಯಾಯಿತು. ೧೮೮೭ರ ಮೇ ತಿಂಗಳಲ್ಲಿ ಸ್ವಾನ್ ಸಂಸ್ಥೆ ದಿವಾಳಿಯೆದ್ದಿತು. ಸಾಲಗಾರರ ಒತ್ತಾಯಕ್ಕೆ ಉಳಿದ ದನಗಳನ್ನೆಲ್ಲ ಒಟ್ಟಿಗೆ ಷಿಕಾಗೊಗೆ ಸಾಗಿಸಿದುದರಿಂದ, ಲಕ್ಷಗಟ್ಟಲೆ ದನಗಳು ಸತ್ತ ವರ್ಷದಲ್ಲಿಯೇ ಬೆಲೆ ೧೮೮೨ರ ಅರ್ಧಕ್ಕೂ ಕೆಳಗೆ ಇಳಿಯಿತು. ಸರಕು ಕಡಮೆಯಾದರೆ ಬೆಲೆ ಏರಬೇಕೆಂಬ ಸಾಮಾನ್ಯ ನಿಯಮ ಇಲ್ಲಿ ತಲೆಕೆಳಗಾದದ್ದು ಗಮನಾರ್ಹ. ಕೂಲಿಯ ಸವಾರರು ಊರೂರು ಅಲೆದರು. ಸ್ಕಾಟ್ಲೆಂಡಿನ ಸಣ್ಣ ಹೂಡಿಕೆದಾರರು ಜೀವಮಾನದ ಉಳಿತಾಯವನ್ನು ಕಳೆದುಕೊಂಡರು.

ಅದೇ ಚಳಿಗಾಲದಲ್ಲಿ, ನೂರಿನ್ನೂರು ದನ ಸಾಕಿ, ಹಳ್ಳದ ಬದಿಯ ಹುಲ್ಲನ್ನು ಕೊಯ್ದು ಬಣವೆ ಹಾಕಿಕೊಂಡಿದ್ದ ಸಣ್ಣ ಸಾಕಣೆಗಾರರು ಅಷ್ಟು ನಷ್ಟಪಡಲಿಲ್ಲ. ಮಾಂಟಾನದ ಹಿರಿಯ ಒಡೆಯನಾದ ಗ್ರ್ಯಾನ್‌ವಿಲ್ ಸ್ಟುವರ್ಟನು, ತನ್ನಿಂದ ಮೇವೂ ಆಸರೆಯೂ ಕೊಡಲಾಗದ ಪ್ರಾಣಿಯನ್ನು ಇನ್ನು ಸಾಕೆನೆಂದು ನಿಶ್ಚಯಿಸಿ ಆ ಉದ್ಯಮದಿಂದಲೇ ಹಿಂದೆಗೆದನು. ಉಳಿದವರು ಕುಡುಗೋಲು ಹಿಡಿದರು. ಕುದುರೆಯ ಮೇಲಿಂದ ಇಳಿದು ಮಾಡುವ ಕೆಲಸವನ್ನು ಹೀನವೆಂದು ಭಾವಿಸಿದ್ದ ಸವಾರರು ಹುಲ್ಲು ಕೊಯ್ಯುವ ಯಂತ್ರದ ಹಿಂದೆ ನಡೆಯಬೇಕಾಯಿತು. ಕಾಲುವೆ ತೋಡಿ, ನಮ್ಮಲ್ಲಿ ಕುದುರೆಮಸಾಲೆಯೆನ್ನುವ ಲೂಸರ್ನ್ ಮೇವನ್ನು ಬೆಳೆಸಿದರು. ಮಂದೆಗಳು ಚಿಕ್ಕವಾದುವು. ನಾಲ್ಕೈದು ವರ್ಷದ ಹೋರಿಯನ್ನು ಬಯಲಿನಿಂದ ನೇರವಾಗಿ ಕಸಾಯಿಖಾನೆಗೆ ಕಳುಹಿಸುವುದಕ್ಕೆ ಬದಲಾಗಿ, ಎಳೆಯ ಪ್ರಾಯದಲ್ಲಿಯೇ ಅಯೋವ, ಇಲಿನಾಯ್ ಪ್ರಾಂತಗಳ ಮುಸುಕಿನ ಜೋಳದ ರೈತರಿಗೆ ಮಾರಿ, ಅವರು ಕೊಬ್ಬಿಸಿ ಮಾರುವ ಕ್ರಮ ಬಲಗೊಂಡಿತು. ಹೀಗೆ ಅಪಾಯ ಹಂಚಿಹೋಯಿತು, ಲಾಭವೂ ಹಂಚಿಹೋಯಿತು.

ಉಳಿದ ದೊಡ್ಡ ಕಂಪೆನಿಗಳಲ್ಲಿ ಡಂಡಿಯ ಮೆಟಡೋರಿನ ಚರಿತ್ರೆ ವಿಶೇಷ ಗಮನಕ್ಕೆ ಅರ್ಹ. ಅದರ ಮೊದಲ ವರ್ಷಗಳೇನೂ ವೈಭವದವಲ್ಲ. ೧೮೯೦ರ ಸುಮಾರಿಗೆ ಅದರ ವ್ಯವಸ್ಥಾಪಕನಾದ ಮರ್ಡೊ ಮೆಕೆನ್ಜಿ, ಪ್ರೇರಿ ಕಂಪೆನಿಯಲ್ಲಿ ದುಡಿದು ಪುಸ್ತಕದ ಎಣಿಕೆಯ ಫಲವನ್ನು ಕಣ್ಣಾರೆ ಕಂಡವನು. ಅವನು ನೆಲವನ್ನು ಕ್ರಯಕ್ಕೆ ಕೊಂಡು, ಬೇಲಿ ಹಾಕಿಸಿ, ಬಾವಿ ತೋಡಿಸಿ, ಗಾಳಿಯಂತ್ರಗಳಿಂದ ನೀರೆತ್ತಿಸಿದನು. ನೀರಿನ ಬಳಿಯ ಹುಲ್ಲು ಮಾತ್ರ ನೆಲಕಚ್ಚುವುದು ತಪ್ಪಿ, ಮಂದೆ ಬಯಲಿನಲ್ಲೆಲ್ಲ ಹರಡಿ ಮೇಯಲು ಇದರಿಂದ ಅನುಕೂಲವಾಯಿತು. ಹಸು ಕರುಗಳನ್ನು ಟೆಕ್ಸಸಿನಲ್ಲಿಟ್ಟು, ಎರಡು ವರ್ಷದ ಹೋರಿಗಳನ್ನು ಉತ್ತರಕ್ಕೆ ಕಳುಹಿಸಿ, ಗುತ್ತಿಗೆಗೆ ಹಿಡಿದ ನೆಲದಲ್ಲಿ ಬಲಿಯಿಸಿದನು. ಡಕೋಟದಲ್ಲಿ, ಕೆನಡದ ಸಸ್ಕಾಚುವಾನಿನಲ್ಲಿ, ಮಾಂಟಾನದಲ್ಲಿ ಮೆಟಡೋರಿನ ಮುದ್ರೆ ಕಾಣಿಸಿತು. ಒಂದು ಸೀಮೆಯಲ್ಲಿ ಬರ ಬಂದರೆ ಇನ್ನೊಂದರಲ್ಲಿ ಹುಲ್ಲಿರುತ್ತಿತ್ತು. ತೂಕ ಬಂದ ಹೋರಿಯನ್ನು ಮಾತ್ರ ಮಾರಬಹುದಾಗಿತ್ತು. ಎಲ್ಲಕ್ಕಿಂತ ಮೊದಲಾಗಿ, ಹುಲ್ಲಿಗೆ ಗುತ್ತಿಗೆ ತೆರಬೇಕಾದುದರಿಂದ ಅದು ಲೆಕ್ಕದ ಪುಸ್ತಕದೊಳಕ್ಕೆ ಬಂದಿತು. ಈ ಕಂಪೆನಿ ೧೯೫೧ರವರೆಗೆ ಬಾಳಿ, ಸುಮಾರು ೧ ಕೋಟಿ ೯೦ ಲಕ್ಷ ಡಾಲರಿಗೆ ವಿಕ್ರಯವಾಯಿತು.

ಮಾರುಕಟ್ಟೆಯ ಇನ್ನೊಂದು ತುದಿಯಲ್ಲಿ ಷಿಕಾಗೊದ ಸ್ವಿಫ್ಟ್, ಆರ್ಮರ್ ಮೊದಲಾದ ನಾಲ್ಕು ಮಾಂಸದ ಕಂಪೆನಿಗಳು ಕೊಳ್ಳುವ ಬೆಲೆಯನ್ನು ತಮ್ಮೊಳಗೆ ಗೊತ್ತುಮಾಡಿಕೊಳ್ಳುತ್ತಿದ್ದುವೆಂದು ಸೆನೆಟಿನ ಸಮಿತಿಯೊಂದು ೧೮೯೦ರಲ್ಲಿ ವರದಿ ಮಾಡಿತು. ಆದರೂ ಅವುಗಳ ಮೇಲೆ ಪರಿಣಾಮಕಾರಿಯಾದ ಕಾಯ್ದೆ ಬಂದದ್ದು ೧೯೨೧ರಲ್ಲಿ.

ಟೆಕ್ಸಸ್ ಜ್ವರದ ವಿಷಯವನ್ನು ಮೇಲೆ ಪ್ರಸ್ತಾಪಿಸಿದೆವು. ಅದನ್ನು ಹರಡುವುದು ಉಣ್ಣೆಯೆಂದು ಥಿಯೊಬಾಲ್ಡ್ ಸ್ಮಿತ್ ಮತ್ತು ಕಿಲ್‌ಬೋರ್ನ್ ಎಂಬವರು ೧೮೯೩ರಲ್ಲಿ ಪ್ರಕಟಪಡಿಸಿದರು. ಉಣ್ಣೆಯನ್ನೂ ಸೆಕೆಯನ್ನೂ ತಾಳುವ ದನವೆಲ್ಲಿದೆಯೆಂದು ಹುಡುಕಿದ ಟೆಕ್ಸಸಿನವರ ಕಣ್ಣು ಭಾರತದ ಮೇಲೆ ಬಿದ್ದಿತು. ೧೯೦೬ರಲ್ಲಿ ಎ. ಪಿ. ಬೋರ್ಡನ್ ಎಂಬಾತನು ಇಲ್ಲಿಗೆ ಬಂದು ೫೧ ದನಗಳನ್ನು ಕೊಂಡೊಯ್ದನು. ಅವುಗಳಲ್ಲಿ ಸರ್ರಾ ರೋಗ ಕಂಡುಬಂದು, ನ್ಯೂಯಾರ್ಕಿನ ತಡೆವಾಸವನ್ನು ದಾಟಿ ಟೆಕ್ಸಸ್ ಸೇರಿದುವು ೩೩. ಈ ಆಮದಿಗೆ ಬೆಂಬಲವಿತ್ತವನು ಆಗಿನ ಅಧ್ಯಕ್ಷ, ಡಕೋಟದ ಹಿಮದಲ್ಲಿ ಮಂದೆ ಕಳೆದುಕೊಂಡ ಆ ರೂಸ್‌ವೆಲ್ಟನೇ. ಮುಂದೆ ಬೆಳೆದ ಅಮೆರಿಕದ ಬ್ರಾಹ್ಮನ್ ತಳಿಯಲ್ಲಿ ಕಾಂಕ್ರೇಜ್, ಒಂಗೋಲು, ಗಿರ್ ತಳಿಗಳೊಡನೆ ನಮ್ಮ ಬೆಳಗಾವಿ, ವಿಜಾಪುರ ಪ್ರಾಂತಗಳ ಕೃಷ್ಣಾತೀರದ ತಳಿಯ ರಕ್ತವೂ ಅಲ್ಪಸ್ವಲ್ಪ ಸೇರಿದೆ. ಕರಿಮಣ್ಣಿನ ಉಳುಮೆಗೆಂದು ಬೆಳೆಸಿದ ಆ ಎತ್ತು ತವರಿನಲ್ಲಿ ಈಗ ಅಪರೂಪವಾಗಿದೆ.

ಉದ್ಯಮದ ಉಪಕರಣಗಳು ಈಗ ಬೇರೆ. ಷಿಕಾಗೊದಲ್ಲಿ ೧೯೬೪ರಿಂದ ಜೀವಂತ ದನಗಳ ವಾಯಿದೆ ವ್ಯಾಪಾರ ನಡೆಯುತ್ತಿದೆ. ಬೆಲೆ ಇಳಿಯುವುದರ ವಿರುದ್ಧವೂ, ಹುಲ್ಲುಗಾವಲಿನ ಮಳೆ ತಪ್ಪುವುದರ ವಿರುದ್ಧವೂ ಸರ್ಕಾರದ ನೆರವಿನ ವಿಮೆಗಳಿವೆ. ೨೦೧೧ರಲ್ಲಿ ಟೆಕ್ಸಸಿಗೆ ಭೀಕರ ಬರ ಬಂದಾಗ ಒಣಹುಲ್ಲನ್ನು ಬಹುದೂರದ ರಾಜ್ಯಗಳಿಂದ ಲಾರಿಗಳಲ್ಲಿ ತರಿಸಿದರು. ತರಿಸಲಾರದವರು ಕರು ಹಾಕುವ ಹಸುಗಳನ್ನೇ ಮಾರಿದರು. ಮೂರು ವರ್ಷಗಳ ತರುವಾಯ, ೨೦೧೪ರಲ್ಲಿ, ಕರುಗಳ ಬೆಲೆ ಅದುವರೆಗೆ ಕಾಣದಷ್ಟು ಏರಿತು. ಹಸು ಮಾರಿದವರ ಬಳಿ ಆಗ ಮಾರಲು ಕರುಗಳಿರಲಿಲ್ಲ.